ಗಾಜಿನ ನೂಲಿನ ಗಾಡಿ

ಗುಜರಿ ವ್ಯಾಪಾರಿಗೂ ಸಾಹಿತ್ಯ ವಿಮರ್ಶಕನಿಗೂ ಒಂದು ಹೋಲಿಕೆಯುಂಟು. ಇಬ್ಬರೂ ವಸ್ತುವನ್ನು ನೋಡುವುದಕ್ಕೆ ಮೊದಲು ಅದರ ತೂಕವನ್ನು ಕೇಳುತ್ತಾರೆ. ಹೋದ ಬೇಸಗೆಯ ರಜೆಯಲ್ಲಿ ದೊಡ್ಡಬಳ್ಳಾಪುರದ ನಮ್ಮ ಹಳೆಯ ಮಗ್ಗದ ಮನೆಯನ್ನು ತೆರವು ಮಾಡಬೇಕಾಗಿ ಬಂದಿತು. ಅಲ್ಲಿ ಇಪ್ಪತ್ತೈದು ವರ್ಷಗಳಿಂದ ಅಲುಗಾಡದೆ ನಿಂತಿದ್ದ ತಂದೆಯವರ ಕಾರನ್ನು ತೋರಿಸಲು ನಾನೊಬ್ಬ ಗುಜರಿಯವನನ್ನು ಕರೆತಂದೆ. ಆತ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, ಬೆರಳ ಗೆಣ್ಣಿನಿಂದ ಪಕ್ಕೆಯನ್ನು ತಟ್ಟಿದ. ತಗಡು ಕೊಡಬೇಕಾದ ‘ಠಣ್’ ಎಂಬ ಉತ್ತರ ಬರಲಿಲ್ಲ. ಒಣಗಿದ ಸೋರೆಬುರುಡೆಯ ಹಾಗೆ ‘ಡೊಬ್’ ಎಂದಿತು. ಅವನ ಮುಖ ಇಳಿಯಿತು.

“ಅಡಿಯ ಕಬ್ಬಿಣಕ್ಕೂ ಇಂಜಿನ್ನಿನ ಅಲ್ಯೂಮಿನಿಯಮ್ಮಿಗೂ ಬೆಲೆ ಕೊಡುತ್ತೇನೆ ಸ್ವಾಮಿ. ಮೈಯನ್ನು ನೀವೇ ಇಟ್ಟುಕೊಳ್ಳಿ. ಬೇಡವಾದರೆ ಸಾಗಿಸುವ ಕೂಲಿ ಕೊಡಿ, ಎಲ್ಲಾದರೂ ಹಾಕಿಬರುತ್ತೇನೆ” ಎಂದ.

ಆತನ ಮಾತಿನಲ್ಲಿ ತಪ್ಪಿರಲಿಲ್ಲ. ಕಬ್ಬಿಣವನ್ನು ಕರಗಿಸಬಹುದು, ಹಿತ್ತಾಳೆಯನ್ನು ಕರಗಿಸಬಹುದು, ಬಕೆಟ್ಟಿನ ಪ್ಲಾಸ್ಟಿಕನ್ನು ಸಹ ಕರಗಿಸಿ ಮತ್ತೊಂದು ಬಕೆಟ್ಟು ಮಾಡಬಹುದು. ಆದರೆ ಒಮ್ಮೆ ಗಟ್ಟಿಯಾದ ಫೈಬರ್ ಗ್ಲಾಸನ್ನು ಮತ್ತೆ ಕರಗಿಸಲು ಬಾರದು. ಅದು ಒಂದೇ ಜನ್ಮದ ಪದಾರ್ಥ. ನಾನು ಆತನಿಗೆ ಕಾಫಿ ಕೊಟ್ಟು ಕಳುಹಿಸಿದೆ. ಮಗ್ಗದ ಮನೆಯನ್ನು ಬಿಟ್ಟುಕೊಡಲು ಇನ್ನು ಎರಡು ತಿಂಗಳ ವಾಯಿದೆಯಿತ್ತು.

ಆ ಕಾರಿನ ಹೆಸರು ಸಿಪಾನಿ ಡಾಲ್ಫಿನ್. ಇಂದಿನ ಹುಡುಗರಿಗೆ ಈ ಹೆಸರು ಹೇಳಿದರೆ ನಗುತ್ತಾರೆ, ನನ್ನ ವಯಸ್ಸಿನವರು ಮಾತ್ರ “ಓಹೋ!” ಎಂದು ಒಂದು ಕ್ಷಣ ಹಿಂದಕ್ಕೆ ಹೋಗಿ ಬರುತ್ತಾರೆ. ನಮ್ಮ ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್‌ನವರು ಅದನ್ನು ಮಾಡುತ್ತಿದ್ದರು. ಅದಕ್ಕೆ ಮುಂಚೆ, ೧೯೭೦ರ ದಶಕದಲ್ಲಿ, ‘ಬಾದಲ್’ ಎಂಬ ಮೂರು ಗಾಲಿಯ ಕಾರನ್ನೂ ಮಾಡಿದ್ದರು. ಡಾಲ್ಫಿನ್ ಬಂದದ್ದು ೧೯೮೨ರಲ್ಲಿ. ಆಗ ನಮ್ಮ ದೇಶದಲ್ಲಿ ಕಾರೆಂದರೆ ಅಂಬಾಸಡರ್, ಇಲ್ಲವೆ ಪ್ರೀಮಿಯರ್ ಪದ್ಮಿನಿ. ಮೂರನೆಯದನ್ನು ಬಯಸುವವನು ಅವಿವೇಕಿ ಎನಿಸಿಕೊಳ್ಳುತ್ತಿದ್ದ ಕಾಲ. ಅಂಥ ಕಾಲದಲ್ಲಿ ಇಬ್ಬರೇ ಇಳಿಯಬಹುದಾದ ಎರಡು ಬಾಗಿಲಿನ, ತಗಡಿಲ್ಲದ ಮೈಯ, ಒಂದು ಪುಟ್ಟ ಕಾರನ್ನು ಮಾಡಲು ಹೊರಟವರ ಧೈರ್ಯವನ್ನು ಮೆಚ್ಚಬೇಕು. ಮರುವರ್ಷವೇ, ೧೯೮೩ರ ಡಿಸೆಂಬರಿನಲ್ಲಿ, ಗುಡಗಾಂವಿನಿಂದ ಮಾರುತಿ ಬಂದಿತು. ಮುಂದಿನ ಕಥೆಯನ್ನು ಹೇಳಬೇಕಾಗಿಲ್ಲ.

ಡಾಲ್ಫಿನ್ನಿನ ತಾಯಿಬೇರು ಇಂಗ್ಲೆಂಡಿನದು. ಟ್ಯಾಮ್‌ವರ್ತ್ ಎಂಬ ಊರಿನ ರಿಲಯಂಟ್ ಕಂಪನಿ ೧೯೭೫ರಿಂದ ೧೯೮೨ರವರೆಗೆ ‘ಕಿಟನ್’, ಅಂದರೆ ಬೆಕ್ಕಿನ ಮರಿ, ಎಂಬ ಕಾರನ್ನು ಮಾಡುತ್ತಿತ್ತು. ಬೆಕ್ಕಿನ ಮರಿ ಸಮುದ್ರ ದಾಟಿ ಬಂದು, ಸಮುದ್ರವೇ ಇಲ್ಲದ ಬೆಂಗಳೂರಿನಲ್ಲಿ ಡಾಲ್ಫಿನ್ ಆಯಿತು. ಅದೇ ರಿಲಯಂಟ್‌ನವರೇ ‘ಸಿಮಿಟರ್’ ಎಂಬ ಸ್ಪೋರ್ಟ್ಸ್ ಕಾರನ್ನೂ ಮಾಡುತ್ತಿದ್ದರು. ಇಂಗ್ಲೆಂಡಿನ ರಾಜಕುಮಾರಿ ಆನ್ ಆ ಕಾರನ್ನು ಬಹಳ ಮೆಚ್ಚಿ ಒಂದಾದ ಮೇಲೊಂದು ಕೊಂಡವರು. ಆದುದರಿಂದ ನಮ್ಮ ಕಾರಿಗೆ ದೊಡ್ಡ ಮನೆತನದ ನಂಟು ಇತ್ತೆಂದು ಹೇಳಿಕೊಳ್ಳಲು ಅಡ್ಡಿಯಿಲ್ಲ. ಆದರೆ ಇದೊಂದೂ ನನಗೆ ಹದಿಮೂರನೆಯ ವಯಸ್ಸಿನಲ್ಲಿ ತಿಳಿದಿರಲಿಲ್ಲ. ತಿಳಿದಿದ್ದರೆ ಮುಂದೆ ಹೇಳುವ ಕೆಲಸವನ್ನು ಮಾಡುತ್ತಿರಲಿಲ್ಲವೇನೋ.

ತಂದೆಯವರು ನಾಲ್ಕು ವಿದ್ಯುತ್ ಮಗ್ಗಗಳ ಒಡೆಯರು. ದೊಡ್ಡಬಳ್ಳಾಪುರವನ್ನು ಬಲ್ಲವರಿಗೆ ಇದು ಸಿರಿವಂತಿಕೆಯ ಮಾತಲ್ಲವೆಂದು ಗೊತ್ತು. ವಾರಕ್ಕೊಮ್ಮೆ ಸೀರೆಗಳ ಗಂಟನ್ನು ಬಸ್ಸಿನ ಮೇಲೆ ಹಾಕಿ, ಯಲಹಂಕದ ದಾರಿಯಾಗಿ ಚಿಕ್ಕಪೇಟೆಗೆ ಒಯ್ಯುತ್ತಿದ್ದರು. ಮಳೆಗಾಲದಲ್ಲಿ ಒಂದು ಸಲ ಗಂಟು ನೆನೆದು, ಬಣ್ಣ ಬಣ್ಣಕ್ಕೆ ಹತ್ತಿ ದೊಡ್ಡ ನಷ್ಟವಾಯಿತು. ೧೯೯೧ರಲ್ಲಿ ಅವರು ಯಾರದೋ ಕೈ ದಾಟಿ ಬಂದಿದ್ದ ಈ ಕಾರನ್ನು ಅಗ್ಗದಲ್ಲಿ ಕೊಂಡರು. ಅಗ್ಗವಾದ ಕಾರಣ ಊರಿಗೆಲ್ಲ ಗೊತ್ತಿತ್ತು: ಅದು ‘ಪ್ಲಾಸ್ಟಿಕ್ ಕಾರು’.

ಕೊಂಡ ದಿನ ತಂದೆಯವರು ಅದರ ಮುಂದಿನ ಮುಚ್ಚಳವನ್ನು ಎತ್ತಿ, ಅದರ ಒಳಮೈಯನ್ನು ನನಗೆ ತೋರಿಸಿದರು. ಹೊರಗೆ ನಯವಾಗಿದ್ದುದು ಒಳಗೆ ಒರಟಾಗಿತ್ತು. ಸಾವಿರಾರು ಬಿಳಿಯ ಎಳೆಗಳು ಅಡ್ಡಾದಿಡ್ಡಿಯಾಗಿ ಮಲಗಿದ್ದುವು. “ನೋಡೋ, ಇದೂ ಬಟ್ಟೆಯೇ. ಗಾಜಿನ ನೂಲು. ಅದಕ್ಕೆ ಗಂಜಿ ಹಾಕಿದ್ದಾರೆ, ಅಷ್ಟೆ. ಆದರೆ ನೆಯ್ದವನು ಸೋಮಾರಿ, ಹಾಸೂ ಇಲ್ಲ, ಹೊಕ್ಕೂ ಇಲ್ಲ” ಎಂದು ನಕ್ಕರು. ನಾನು ನಗಲಿಲ್ಲ. ಬಟ್ಟೆಯ ಮನೆಯಲ್ಲಿ ಹುಟ್ಟಿ ಬಟ್ಟೆಯ ಕಾರಿನಲ್ಲಿ ಕುಳಿತುಕೊಳ್ಳುವುದು ಎಂಥ ದುರದೃಷ್ಟ ಎನಿಸಿತು.

ಈ ವರ್ಷ, ಕಾರನ್ನು ಬಿಚ್ಚುವ ಸಂದರ್ಭದಲ್ಲಿ, ತಂದೆಯವರ ಆ ಮಾತು ಎಷ್ಟು ಸರಿಯೆಂಬುದು ನನಗೆ ಮನದಟ್ಟಾಯಿತು. ಬಿಚ್ಚಿದವನು ನಾನಲ್ಲ. ಕನ್ನಡ ಅಧ್ಯಾಪಕನಾದ ನಾನು ಸಮಾಸವನ್ನು ಬಿಡಿಸಬಲ್ಲೆ, ಬೋಲ್ಟನ್ನು ಬಿಡಿಸಲಾರೆ. ನೆಲಮಂಗಲದ ಕಡೆಯ ಒಬ್ಬ ವೃದ್ಧ ಮೇಸ್ತ್ರಿ ಸಿಕ್ಕಿದರು. ಪೀಣ್ಯದಲ್ಲಿ ಫೈಬರ್ ಗ್ಲಾಸಿನ ನೀರಿನ ತೊಟ್ಟಿ, ಬಸ್ಸಿನ ಆಸನ ಮುಂತಾದುವನ್ನು ಅಚ್ಚು ಹಾಕುವುದರಲ್ಲಿ ಅವರ ಮೂವತ್ತು ವರ್ಷ ಕಳೆದಿತ್ತು. ಮಾಡುತ್ತ ಮಾಡುತ್ತ ಹೇಳುವುದು ಅವರ ಅಭ್ಯಾಸ. ನನ್ನಂಥ ವಿದ್ಯಾರ್ಥಿ ಅವರಿಗೂ ಸಿಕ್ಕಿರಲಿಲ್ಲವೆಂದು ತೋರುತ್ತದೆ.

ತಗಡಿನ ಕಾರನ್ನು ಮಾಡಲು ಅರಮನೆಯಷ್ಟು ಎತ್ತರದ ಒತ್ತುಯಂತ್ರಗಳು ಬೇಕು. ಲಕ್ಷಗಟ್ಟಲೆ ಕಾರು ಮಾರದೆ ಆ ಯಂತ್ರಗಳ ಸಾಲ ತೀರದು. ಫೈಬರ್ ಗ್ಲಾಸಿನ ಕಾರಿಗೆ ಅದು ಬೇಡ. ಮೊದಲು ಮರದಲ್ಲಿ, ಗಾರೆಯಲ್ಲಿ ಕಾರಿನ ಮೈಯ ಒಂದು ಪ್ರತಿಕೃತಿಯನ್ನು ಮಾಡಿ, ಕನ್ನಡಿಯ ಹಾಗೆ ತೀಡುತ್ತಾರೆ. ಅದರ ಮೇಲೆ ಅಚ್ಚು ತೆಗೆಯುತ್ತಾರೆ. ನಮ್ಮ ಹೆಂಗಸರು ಸಕ್ಕರೆ ಅಚ್ಚು ಮಾಡುವುದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ಅಚ್ಚಿನ ಒಳಮೈಗೆ ಮೇಣ ಸವರುವುದು ಮೊದಲ ಕೆಲಸ. ಇಲ್ಲದಿದ್ದರೆ ಕಾರು ಅಚ್ಚನ್ನು ಬಿಟ್ಟು ಬಾರದು. ಅನಂತರ ಜೆಲ್ ಕೋಟ್ ಎಂಬ ಬಣ್ಣದ ಲೇಪ. ಇಲ್ಲೊಂದು ತಮಾಷೆಯಿದೆ. ತಗಡಿನ ಕಾರಿಗೆ ಬಣ್ಣ ಕೊನೆಯ ಕೆಲಸ. ಇದಕ್ಕೆ ಬಣ್ಣವೇ ಮೊದಲು. ಕಾರು ಹೊರಗಿನಿಂದ ಒಳಕ್ಕೆ ಹುಟ್ಟುತ್ತದೆ.

ಆ ಲೇಪ ಅಂಟಂಟಾಗಿರುವಾಗ ಗಾಜಿನ ಎಳೆಯ ಚಾಪೆಯನ್ನು ಹಾಸಿ, ಅದರ ಮೇಲೆ ರೆಸಿನ್ ಎಂಬ ಕೃತಕ ರಾಳವನ್ನು ಕುಂಚದಿಂದ ಕುಡಿಸುತ್ತಾರೆ. ‘ಕುಡಿಸುವುದು’ ಎಂಬುದು ಮೇಸ್ತ್ರಿಯ ಮಾತು. ಅದಕ್ಕಿಂತ ಒಳ್ಳೆಯ ಮಾತನ್ನು ನಾನು ಕಾಣೆ. ಬಿಳಿಯ ಚಾಪೆ ರಾಳವನ್ನು ಕುಡಿಯುತ್ತ ಕುಡಿಯುತ್ತ ಪಾರದರ್ಶಕವಾಗುತ್ತದೆ. ಆಮೇಲೆ ಏಣು ಏಣಾದ ಉರುಳೆಯಿಂದ ಉಜ್ಜಿ ಉಜ್ಜಿ ಒಳಗೆ ಸಿಕ್ಕಿದ ಗಾಳಿಯ ಗುಳ್ಳೆಗಳನ್ನು ಹೊರಡಿಸಬೇಕು. ಒಂದು ಗುಳ್ಳೆ ಉಳಿದರೆ ಎಂದೋ ಒಂದು ದಿನ ಬಿಸಿಲಿಗೆ ಅಲ್ಲಿ ಬೊಬ್ಬೆ ಏಳುತ್ತದೆ. ಚಾಪೆಯ ಮೇಲೆ ಚಾಪೆ. ಬಾಗಿಲ ಕೀಲು ಬರುವಲ್ಲಿ, ಆಸನ ಕೂರುವಲ್ಲಿ, ಇನ್ನೂ ಒಂದೆರಡು ಪದರ ಹೆಚ್ಚು. ರಾಳಕ್ಕೆ ಬೆರೆಸುವ ಗಟ್ಟಿಕಾರಕ ನೂರಕ್ಕೆ ಒಂದೋ ಎರಡೋ ಪಾಲು ಮಾತ್ರ. ಬೆರೆಸಿದ ಮೇಲೆ ಮನುಷ್ಯನ ಸಮಯ ಮುಗಿದು ರಾಳದ ಸಮಯ ಆರಂಭವಾಗುತ್ತದೆ. ತುಸು ಹೊತ್ತಿಗೆ ಡಬ್ಬಿ ತಾನಾಗಿ ಬಿಸಿಯಾಗುತ್ತದೆ, ರಾಳ ಗೋಂದಾಗುತ್ತದೆ, ಮತ್ತೆ ಕಲ್ಲಾಗುತ್ತದೆ. ಪೂರ್ತಿ ಕಲ್ಲಾಗುವ ಮುಂಚೆ, ಹಸಿಗಾಯಿಯ ಹದದಲ್ಲಿ, ಅಂಚುಗಳನ್ನು ಕತ್ತರಿಸಿಬಿಡಬೇಕು. ಗಟ್ಟಿಯಾದ ಮೇಲೆ ಅಚ್ಚನ್ನು ಬಿಡಿಸಿದರೆ, ಚಿಪ್ಪು ಬಿಟ್ಟ ಹಾವಸೆಯ ಮೊಟ್ಟೆಯಂತೆ ಮೈ ಈಚೆಗೆ ಬರುತ್ತದೆ.

ಇನ್ನೊಂದು ಕಡೆ ಉಕ್ಕಿನ ಏಣಿಯಂಥ ಚೌಕಟ್ಟು ಸಿದ್ಧವಾಗುತ್ತಿರುತ್ತದೆ. ಅದಕ್ಕೆ ಗಾಲಿ, ಸ್ಪ್ರಿಂಗು, ಹಿಂದಿನ ಅಚ್ಚುಮರ, ಇಂಜಿನು ಎಲ್ಲವನ್ನೂ ಜೋಡಿಸುತ್ತಾರೆ. ೮೪೮ ಸಿ.ಸಿ.ಯ ಆ ಇಂಜಿನು ಪೂರ್ತಿ ಅಲ್ಯೂಮಿನಿಯಮ್ಮಿನದು. ಇಂಗ್ಲೆಂಡಿನ ಕಿಟನ್‌ನಲ್ಲಿ ಸುಮಾರು ನಲವತ್ತು ಕುದುರೆಯ ಬಲದ್ದು. ಕೊನೆಗೆ ನಾಲ್ಕಾರು ಜನ ಮೈಯನ್ನು ಕೈಯಲ್ಲೇ ಎತ್ತಿ ಚೌಕಟ್ಟಿನ ಮೇಲಿಟ್ಟು, ನಡುವೆ ರಬ್ಬರಿನ ಬಿಲ್ಲೆ ಕೊಟ್ಟು, ಬೋಲ್ಟು ಬಿಗಿಯುತ್ತಾರೆ. ಮೇಸ್ತ್ರಿಯವರ ನಾಲ್ವರು ಹುಡುಗರು ನಮ್ಮ ಕಾರಿನ ಮೈಯನ್ನು ಎತ್ತಿ ಎರಡು ಬೆಂಚುಗಳ ಮೇಲೆ ಇಟ್ಟಾಗ, ಘಾಟಿಯ ತೇರಿನ ದಿನ ಉತ್ಸವಮೂರ್ತಿಯನ್ನು ಇಳಿಸಿದಷ್ಟೂ ಶ್ರಮವಾಗಲಿಲ್ಲ. ಮನುಷ್ಯರು ಎತ್ತಬಹುದಾದ ಕಾರು! ಬೆಕ್ಕಿನ ಮರಿಯ ಒಟ್ಟು ತೂಕವೇ ಐದು ಕ್ವಿಂಟಾಲಿಗೆ ತುಸು ಹೆಚ್ಚು.

ಈ ಹಗುರವೇ ಅದರ ಗುಣ. ಸಂಸಾರಿಗಳು ದೂರ ಇಟ್ಟ ಡಾಲ್ಫಿನ್ನನ್ನು ೧೯೮೦ರ ದಶಕದ ಮೋಟಾರು ರ‍್ಯಾಲಿಯವರು ಹುಡುಕಿಕೊಂಡು ಹೋದರು. ಹಗುರವಾದ ಮೈ, ಹಿಂದಿನಿಂದ ತಳ್ಳುವ ಗಾಲಿ. ಮಣ್ಣಿನ ತಿರುವಿನಲ್ಲಿ ಅದು ಭಾರಿ ಕಾರುಗಳನ್ನು ಹಿಂದೆ ಹಾಕುತ್ತಿತ್ತು. ಜಗತ್ತಿನ ಹೆಸರಾಂತ ಸ್ಪೋರ್ಟ್ಸ್ ಕಾರುಗಳನ್ನು ಕಟ್ಟಿದ ಬಗೆಯೂ ಇದೇ. ಅಮೆರಿಕದ ಕಾರ್ವೆಟ್ ಮೊದಲು ೧೯೫೩ರಲ್ಲಿ ಫ್ಲಿಂಟ್ ಊರಿನಲ್ಲಿ ಬರಿಯ ಮುನ್ನೂರರ ಸಂಖ್ಯೆಯಲ್ಲಿ, ಕೈಯಿಂದಲೇ ಜೋಡಣೆಯಾಗಿ ಹೊರಬಂದಿತು. ಎಲ್ಲವೂ ಹೊರಗೆ ಬಿಳಿ, ಒಳಗೆ ಕೆಂಪು. ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ೧೯೬೨ರಲ್ಲಿ ಮಾಡಿದ ಲೋಟಸ್ ಎಲಾನ್, ಉಕ್ಕಿನ ಒಂದು ಬೆನ್ನುಮೂಳೆಗೆ ಇಂಥದೇ ಗಾಜಿನ ಬಟ್ಟೆಯ ಅಂಗಿ ತೊಡಿಸಿದ ಕಾರು. ಆ ದಿನಗಳಲ್ಲಿ ಇಂಗ್ಲೆಂಡಿನಲ್ಲಿ ಪೂರ್ಣವಾಗಿ ಜೋಡಿಸಿದ ಕಾರಿಗೆ ತೆರಿಗೆಯಿತ್ತು; ಬಿಡಿಬಿಡಿಯಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಅದು ಇರಲಿಲ್ಲ. ಹೀಗಾಗಿ ಲೋಟಸ್‌ನವರು ಪೆಟ್ಟಿಗೆಯಲ್ಲಿ ಕಾರನ್ನು ಮಾರುತ್ತಿದ್ದರು. ಜೋಡಿಸುವ ಕ್ರಮವನ್ನು ಬರೆದುಕೊಡುವಂತಿರಲಿಲ್ಲವಾದುದರಿಂದ ಬಿಚ್ಚುವ ಕ್ರಮವನ್ನು ಬರೆದುಕೊಟ್ಟರು, ಕೊಂಡವನು ಅದನ್ನು ಹಿಂದುಮುಂದಾಗಿ ಓದಿಕೊಳ್ಳಬೇಕಾಗಿತ್ತು ಎಂದೊಂದು ಕಥೆ ಪ್ರಚಾರದಲ್ಲಿದೆ. ನಿಜವೋ ಸುಳ್ಳೋ, ಮೇಸ್ತ್ರಿಗೆ ಹೇಳಿದಾಗ ಅವರು ಬಹಳ ಸಂತೋಷಪಟ್ಟರು. “ಬಿಚ್ಚಿದವನಿಗೇ ಸಾರ್ ಗೊತ್ತಾಗೋದು ಹೆಂಗೆ ಕಟ್ಟಿದ್ರು ಅಂತ” ಎಂದರು.

ಬಿಚ್ಚಿದಾಗ ಎರಡು ವಿಷಯ ತಿಳಿದುವು. ಜನ ಆಡಿಕೊಂಡ ಮೈ ಇಪ್ಪತ್ತೈದು ವರ್ಷದ ಧೂಳಿನ ಕೆಳಗೆ ಹಾಗೆಯೇ ಇತ್ತು. ಜನ ನಂಬಿದ ಉಕ್ಕಿನ ಚೌಕಟ್ಟು ತುಕ್ಕು ಹಿಡಿದು, ಹಿಂದಿನ ಸ್ಪ್ರಿಂಗಿನ ಬಳಿ ಬೆರಳಿಟ್ಟರೆ ಹಪ್ಪಳದಂತೆ ಮುರಿಯುತ್ತಿತ್ತು. ಎರಡನೆಯದು ದೀಪಗಳ ಸಂಗತಿ. ತಗಡಿನ ಕಾರಿನಲ್ಲಿ ದೀಪಕ್ಕೆ ಒಂದು ತಂತಿ ಸಾಕಂತೆ. ವಿದ್ಯುತ್ತು ಹಿಂದಿರುಗಲು ಕಾರಿನ ಮೈಯೇ ದಾರಿ. ಫೈಬರ್ ಗ್ಲಾಸಿನಲ್ಲಿ ವಿದ್ಯುತ್ತು ಹರಿಯದು. ಆದುದರಿಂದ ಪ್ರತಿಯೊಂದು ದೀಪದಿಂದಲೂ ಉಕ್ಕಿನವರೆಗೆ ‘ಅರ್ತು ತಂತಿ’ಯನ್ನು ಬೇರೆಯಾಗಿ ಎಳೆಯಬೇಕು. ಅದು ಸಡಿಲವಾದರೆ ದೀಪ ಮಿಣುಕುತ್ತದೆ. ರಾಜಾನುಕುಂಟೆಯ ಹತ್ತಿರ ಎಷ್ಟೋ ರಾತ್ರಿ ತಂದೆಯವರು ಇಳಿದು, ದೀಪದ ಕೆನ್ನೆಗೆ ಒಂದು ಪೆಟ್ಟು ಕೊಟ್ಟು ಬರುತ್ತಿದ್ದುದರ ಅರ್ಥ ನನಗೆ ಈಗ ಆಯಿತು.

ಇನ್ನು ನನ್ನ ಕೆಲಸದ ಮಾತು.

೧೯೯೨ರಲ್ಲಿ ನಾನು ಹೈಸ್ಕೂಲಿನಲ್ಲಿದ್ದೆ. ತಂದೆಯವರು ಚಿಕ್ಕಪೇಟೆಗೆ ಹೋಗುವ ದಿನ ನನ್ನನ್ನು ಶಾಲೆಯವರೆಗೆ ಬಿಡುತ್ತಿದ್ದರು. ಬಾಗಿಲಿನವರೆಗೆ ಅಲ್ಲ, ಅದಕ್ಕೆ ಮುಂಚಿನ ಹುಣಿಸೆಮರದ ಬಳಿ ಇಳಿಸಿಬಿಡಿ ಎಂದು ಕೇಳುತ್ತಿದ್ದೆ. ಕಾರಣ ಕೇಳಿದಾಗ ನಡೆಯುವುದು ಆರೋಗ್ಯಕ್ಕೆ ಒಳ್ಳೆಯದೆಂದೆ. ಆದರೂ ಕಾರು ಯಾರದೆಂದು ಹುಡುಗರಿಗೆ ತಿಳಿಯದೆ ಇರುತ್ತದೆಯೆ? ಒಂದು ದಿನ ತಂದೆಯವರು ಕಾರನ್ನು ಮರದಡಿಯಲ್ಲಿ ನಿಲ್ಲಿಸಿ ಬ್ಯಾಂಕಿಗೆ ಹೋಗಿದ್ದರು. ವಿಜ್ಞಾನದ ಕೊಠಡಿಯಿಂದ ಒಬ್ಬ ಲಾಳಾಕಾರದ ಅಯಸ್ಕಾಂತವನ್ನು ತಂದು ಕಾರಿಗೆ ಇಟ್ಟ. ಅದು ಹಿಡಿಯದೆ ಕೆಳಗೆ ಬಿತ್ತು. “ಬಕೆಟ್ಟು! ಬಕೆಟ್ಟು!” ಎಂದು ಎಲ್ಲರೂ ಕೂಗಿದರು. ಬಕೆಟ್ಟಾದರೆ ಕಲ್ಲಿಗೆ ಒಡೆಯಬೇಕಲ್ಲ ಎಂದು ಇನ್ನೊಬ್ಬ ತರ್ಕ ತೆಗೆದ. ಎಲ್ಲರೂ ನನ್ನ ಮುಖ ನೋಡಿದರು. ನಾನು ಅಳಬಹುದಾಗಿತ್ತು, ಜಗಳವಾಡಬಹುದಾಗಿತ್ತು. ನಾನು ನಕ್ಕೆ. ನಕ್ಕು, ತೆಂಗಿನಕಾಯಿ ಗಾತ್ರದ ಒಂದು ಕಲ್ಲನ್ನು ಎತ್ತಿಕೊಂಡೆ. ಹುಡುಗರು ಆ ಮೇಲೆ ಎಸೆದರೋ ಇಲ್ಲವೋ ನೆನಪಿಲ್ಲ. ಮೊದಲ ಕಲ್ಲು ಮಾತ್ರ ನನ್ನದು. ಎಡಗಡೆ, ಹಿಂದಿನ ಗಾಲಿಯ ಮೇಲಿನ ಪಕ್ಕೆ ಬಿರಿಯಿತು.

ಸಂಜೆ ತಂದೆಯವರು ಕೇಳಿದಾಗ, ಎತ್ತಿನ ಗಾಡಿಯೊಂದು ತಿರುಗುವಾಗ ಮೂಕಿ ತಾಗಿದ್ದನ್ನು ಕಂಡೆನೆಂದು ಹೇಳಿದೆ. ಗಾಡಿ ಯಾರದು ಎಂದು ಅವರು ಕೇಳಲಿಲ್ಲ. ಭಾನುವಾರ ಜೆ.ಸಿ. ರಸ್ತೆಯಿಂದ ತಂದ ರಾಳದ ಡಬ್ಬಿಯೊಡನೆ ಕಾರಿನ ಹಿಂದುಗಡೆ ಮುದುರಿಕೊಂಡು ಕುಳಿತು ಏನೋ ಮಾಡುತ್ತಿದ್ದರು. ನಾನು ಒಳಗೆ ಪುಸ್ತಕ ಹಿಡಿದು ಕುಳಿತಿದ್ದೆ. ಓದುವ ಹುಡುಗನನ್ನು ನಮ್ಮ ಮನೆಯಲ್ಲಿ ಕೆಲಸಕ್ಕೆ ಕರೆಯುವ ಪದ್ಧತಿ ಇರಲಿಲ್ಲ.

ಆ ಮೇಲೆ ಕಾರು ಎಂಟು ವರ್ಷ ಓಡಿತು. ಬಿಡಿಭಾಗ ಸಿಗದಾಗ ನಿಂತಿತು. ಮಗ್ಗಗಳು ಒಂದೊಂದಾಗಿ ಹೋದುವು. ನಾನು ಎಂ.ಎ. ಮಾಡಿದೆ, ಕೆಲಸ ಹಿಡಿದೆ, ತಗಡಿನ ಕಾರು ಕೊಂಡೆ. ತಂದೆಯವರು ನಾಲ್ಕು ವರ್ಷಗಳ ಹಿಂದೆ ತೀರಿಕೊಂಡರು.

ಬೆಂಚಿನ ಮೇಲೆ ಮೈಯನ್ನು ಇಟ್ಟ ಮರುದಿನ ಮೇಸ್ತ್ರಿ ಒಳಗಿನ ರೆಕ್ಸಿನ್ ಹೊದಿಕೆಯನ್ನು ಕಿತ್ತು, ಕೈದೀಪ ಹಿಡಿದು, “ಸಾರ್, ಇಲ್ಲಿ ಬನ್ನಿ” ಎಂದು ಕರೆದರು. ಎಡಪಕ್ಕೆಯ ಒಳಮೈಯಲ್ಲಿ ಅಂಗೈಯೆರಡರಷ್ಟು ಅಗಲದ ಒಂದು ತೇಪೆ. ಅದು ಗಾಜಿನ ಚಾಪೆಯಲ್ಲ. ಕೆಂಪು ಬಟ್ಟೆ, ಅದರ ಅಂಚಿನಲ್ಲಿ ಜರಿಯ ಎರಡು ಗೆರೆ, ಗೆರೆಗಳ ನಡುವೆ ಹಂಸದ ಸಾಲು. ರಾಳದೊಳಗೆ ಸಿಕ್ಕಿ, ಜೇನಿನಲ್ಲಿ ಅದ್ದಿದಂತೆ, ಮೂವತ್ತಮೂರು ವರ್ಷದ ಮೇಲೂ ಜರಿ ಹೊಳೆಯುತ್ತಿತ್ತು. ನಮ್ಮ ಮೂರನೆಯ ಮಗ್ಗದಲ್ಲಿ ಬರುತ್ತಿದ್ದ ಅಂಚು ಅದು. ಹಾಸೂ ಇತ್ತು, ಹೊಕ್ಕೂ ಇತ್ತು.

ಮೇಸ್ತ್ರಿ ತೇಪೆಯ ಸುತ್ತ ಬೆರಳಾಡಿಸಿದರು. “ಯಾರೋ ಹೊಸಬರು ಹಾಕಿದ್ದು. ಆದ್ರೂ ಗುಳ್ಳೆ ಬಿಟ್ಟಿಲ್ಲ ನೋಡಿ, ಚೆನ್ನಾಗಿ ಉಜ್ಜವ್ರೆ. ಇದೇನು, ಕಲ್ಲೇಟಾ?”

“ಗಾಡಿಯ ಮೂಕಿ ತಾಗಿತ್ತಂತೆ” ಎಂದೆ. ಆ ಸುಳ್ಳು ಮೂವತ್ತಮೂರು ವರ್ಷದ ಮೇಲೂ ನಾಲಗೆಯ ತುದಿಯಲ್ಲೇ ಇದ್ದುದು ನನಗೆ ಆಶ್ಚರ್ಯ.

“ಮೂಕಿ ತಾಗಿದ್ರೆ ಉದ್ದಕ್ಕೆ ಸೀಳ್ತದೆ ಸಾರ್. ಇದು ನೋಡಿ, ಒಳಗಡೆಯಿಂದ ನಕ್ಷತ್ರದಂಗೆ ಬಿರಿದದೆ. ಕಲ್ಲೇ. ಒಳಗಡೆಯಿಂದ ನೋಡ್ದೋರಿಗೆ ಗೊತ್ತಾಗೇ ಆಗ್ತದೆ.”

ಆ ರಾತ್ರಿ ಊಟಕ್ಕೆ ಕುಳಿತಾಗ ತಾಯಿಗೆ ತೇಪೆಯ ವಿಷಯ ಹೇಳಿದೆ. ತಾಯಿಗೆ ಈಗ ಎಪ್ಪತ್ತಾರು. ನೆನ್ನೆಯದು ಮರೆಯುತ್ತಾರೆ, ಮೊನ್ನೆಯದು ಮರೆಯುವುದಿಲ್ಲ. “ಗಾಜಿನ ಬಟ್ಟೆ ತರೋದು ಮರೆತು ಬಂದಿದ್ರು. ಮಗ್ಗದ ಮೇಲಿದ್ದ ಸೀರೇನೇ ಕೊಯ್ದುಕೊಂಡ್ರು. ನಾನು ಬೈದೆ. ಯಾವನ ಗಾಡಿಯೋ ತಾಗಿದ್ದಕ್ಕೆ ನನ್ನ ಸೀರೆ ಯಾಕೆ ಹಾಳು ಮಾಡ್ತೀರಿ, ಅವನನ್ನ ಹಿಡಿದು ಕೇಳಿ ಅಂದೆ. ‘ಗಾಡಿಯೂ ಇಲ್ಲ, ಎತ್ತೂ ಇಲ್ಲ, ಸುಮ್ಮನೆ ಇರು’ ಅಂದ್ರು” ಎಂದು ಹೇಳಿ, ನನ್ನ ಎಲೆಗೆ ಮಜ್ಜಿಗೆ ಬಡಿಸಿದರು.

ಮರುದಿನ ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಮೇಸ್ತ್ರಿ ಕೆಲಸ ಆರಂಭಿಸಿಬಿಟ್ಟಿದ್ದರು. ಚೌಕಟ್ಟಿಗೆ ಹೊಸ ಉಕ್ಕನ್ನು ಬೆಸೆದು ಕೆಂಪು ಬಣ್ಣ ಬಳಿದಾಗಿತ್ತು. ಹೊಸ ಗಾಜಿನ ಚಾಪೆಯನ್ನು ಕತ್ತರಿಸಿ ಸಾಲಾಗಿ ಇಟ್ಟಿದ್ದರು. ಒಂದು ಮಗ್ಗಿನಲ್ಲಿ ರಾಳವನ್ನು ಕಲಸುತ್ತಿದ್ದರು. ಆ ಹಳೆಯ ತೇಪೆಯನ್ನು ಅರೆದು ತೆಗೆದು ಸರಿಯಾದ ಚಾಪೆ ಹಾಕುವುದೇ, ಹೇಗೆ ಎಂದು ಕೇಳಿದರು. ಸೀರೆಗೆ ಬಲ ಸಾಲದು, ಕಾಯಿದೆಯ ಪ್ರಕಾರ ಅದು ಕೆಲಸವೇ ಅಲ್ಲ ಎಂದೂ ಸೇರಿಸಿದರು.

ನಾನು ಸುಮ್ಮನೆ ನಿಂತಿದ್ದೆ. ಮಗ್ಗು ಆಗಲೇ ಬೆಚ್ಚಗಾಗುತ್ತಿತ್ತು.

“ಬೇಗ ಹೇಳಿ ಸಾರ್. ಕಲಸಾಗದೆ. ಗಟ್ಟಿಯಾಗಿಬಿಡ್ತದೆ.”

ಬಲಗಡೆಯ ಮುಂದಿನ ಮಡ್‌ಗಾರ್ಡಿನಲ್ಲಿ ಒಂದು ಸೀಳಿತ್ತು. ಆ ರಾಳವನ್ನು ಅಲ್ಲಿಗೆ ಹಾಕಲು ಹೇಳಿದೆ. ಎಡಪಕ್ಕೆಯ ರೆಕ್ಸಿನನ್ನು ತಿರುಗಿ ಹೊದಿಸಬೇಡಿ, ಅದು ಹಾಗೆಯೇ ಕಾಣುತ್ತಿರಲಿ ಎಂದೆ. ಮೇಸ್ತ್ರಿ ನನ್ನನ್ನು ಒಮ್ಮೆ ನೋಡಿ, ಕುಂಚವನ್ನು ಅದ್ದಿಕೊಂಡು, ಬಲಗಡೆಗೆ ಹೋದರು.